ಕರೆಗಂಟೆಯ ಕರೆಂಟಿನ ಕಂಪ್ಯೂಟರು

ಒರೆಸ್ಟ್ ಮಾವ ಮನೆಯಲ್ಲೇ ಒಂದು ಕಂಪ್ಯೂಟರು ಕಟ್ಟಿದ್ದಾನೆ ಅನ್ನೋದು ಊರಿಗೆಲ್ಲ ಗೊತ್ತಾದದ್ದು ಅದು ಹೊಗೆಯಾಡಿದ ದಿನ. ಸುಗ್ಗಿ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಊರೂಟ ನಡೆಯುತ್ತದೆ. ಅಲ್ಲಿಗೆ ಮಾವ ಅದನ್ನು ಹಿಟ್ಟು ನಾದುವ ಹಲಗೆಯ ಮೇಲಿಟ್ಟು, ಟವೆಲು ಹೊದಿಸಿ, ನಾಮಕರಣಕ್ಕೆ ಕೂಸನ್ನು ತಂದವನ ಹಾಗೆ ಎದೆಗವಚಿಕೊಂಡು ತಂದ. ಟವೆಲು ತೆಗೆದರೆ ಮುಚ್ಚಳವಿಲ್ಲದ ಪೆಟ್ಟಿಗೆ, ಒಳಗೆ ಒಂದು ಹಸಿರು ಹಲಗೆ, ಅದರ ತುಂಬ ಜೇಡರ ಬಲೆಯ ಹಾಗೆ ತಂತಿ. ಮಾವ ಎರಡು ಮಾತು ಭಾಷಣ ಮಾಡಿ ಪ್ಲಗ್ ಚುಚ್ಚಿದ. ಟಪ್ ಅಂತ ಒಂದು ಸದ್ದು. ಹಳದಿ ಹೊಗೆ ಎದ್ದು, ಯಾವ ಅವಸರವೂ ಇಲ್ಲದೆ ತೇಲಿಕೊಂಡು ಹೋಗಿ ಸಿಹಿಗುಂಬಳದ ಪೈಗಳ ಸಾಲಿನ ಮೇಲೆ ಕೂತಿತು. ಆ ವರ್ಷ ಪೈ ಯಾರೂ ಮುಟ್ಟಲಿಲ್ಲ.

ಡಾಫಿನ್ ಪಟ್ಟಣ ದಾಟಿದ ಮೇಲೆ ಸಿಗುವ ನಮ್ಮಂಥ ಊರಿನಲ್ಲಿ ಇಂಥದ್ದೊಂದು ನಡೆದರೆ ಚಳಿಗಾಲ ಪೂರ್ತಿ ಮಾತಿಗೆ ಬರವಿಲ್ಲ. ಬೆಳಗಾದರೆ ರಿಟೈರಾದ ಗಂಡಸರೆಲ್ಲ ಪೆಟ್ರೋಲ್ ಬಂಕಿನ ಕಾಫಿ ಮೇಜಿಗೆ ಬಂದು ಬೀಳುತ್ತಾರೆ. ಒರೆಸ್ಟ್, ಇವತ್ತು ಪೆಟ್ಟಿಗೇಲಿ ಏನು ಬೇಯಿಸ್ತಿದ್ದೀಯ ಅಂತ ಒಬ್ಬ. ಮೀನು ಹೊಗೆ ಹಾಕಿಸ್ಬೇಕಿತ್ತು, ತರ್ಲಾ ಅಂತ ಇನ್ನೊಬ್ಬ. ಜೀವಮಾನವಿಡೀ ಒಂದು ಕಂಪ್ಯೂಟರಿನ ಮುಚ್ಚಳ ತೆಗೆದು ನೋಡದವರು ಇವರು. ನನಗೆ ಮೈ ಉರಿಯುತ್ತಿತ್ತು. ಮಾವನಿಗೆ ಉರಿಯಲಿಲ್ಲ, ಅವಮಾನವಾಯಿತು. ಜನವರಿಯ ಒಂದು ದಿನ ಆತ ಕಾಫಿ ಮೇಜಿನ ಮೇಲೆ ಅಂಗೈ ಊರಿ, ಆ ಪೆಟ್ಟಿಗೆಯನ್ನು ಊರ ಕಸದ ಗುಂಡಿಗೆ ಎಸೆದು ಬಂದೆ, ಇನ್ನು ಅದರ ಸುದ್ದಿ ಬೇಡ ಅಂತ ಪ್ರಮಾಣ ಮಾಡಿದ.

ಪ್ರಮಾಣ ಮಾಡುವಾಗ ಪೆಟ್ಟಿಗೆ ನೆಲಮಾಳಿಗೆಯಲ್ಲಿ ನನ್ನ ಮಂಚದ ಪಕ್ಕದಲ್ಲಿತ್ತು. ನಾನು ರೋಮನ್, ಆತನ ಅಕ್ಕನ ಮಗ. ಹತ್ತನೇ ಕ್ಲಾಸಿನಲ್ಲಿ ಶಾಲೆಗೂ ನನಗೂ ಪರಸ್ಪರ ಸಾಕಾಯಿತು. ಆಗಿನಿಂದ ಟೈರ್ ಅಂಗಡಿಯಲ್ಲಿ ಕೆಲಸ, ಮಾವನ ಮನೆಯ ನೆಲಮಾಳಿಗೆಯಲ್ಲಿ ವಾಸ.

ಮಾವ ಅದನ್ನು ಎಸೆಯದೇ ಇದ್ದದ್ದಕ್ಕೆ ಕಾರಣ ವಾಸಿಲ್.

ವಾಸಿಲ್ ಸ್ಟಾಡ್ನಿಕ್ ನಮ್ಮೂರ ಕರ್ಲಿಂಗ್ ಅಂಗಳಕ್ಕೆ ಮಂಜುಗಡ್ಡೆ ಹಾಸುತ್ತಿದ್ದವನು. ಮಂಜುಗಡ್ಡೆಯ ಮೇಲೆ ಭಾರದ ಕಲ್ಲು ಜಾರಿಸಿ, ಪೊರಕೆಯಿಂದ ಅದರ ದಾರಿ ಉಜ್ಜುತ್ತ, ಸುತ್ತಿನ ನಡುವಿಗೆ ಮುಟ್ಟಿಸುವ ಆಟ ಅದು. ಮಾವ ಪುರಸಭೆಯ ಹಿಮ ಗೋರುವ ಗಾಡಿ ಓಡಿಸುತ್ತಿದ್ದ. ಮಾವ ಬೆಳಗಿನ ರಸ್ತೆ ಮುಗಿಸಿ ಬರುವ ಹೊತ್ತಿಗೆ ವಾಸಿಲ್ ಅಂಗಳಕ್ಕೆ ನೀರು ಚಿಮುಕಿಸಿ, ಅದು ಹೆಪ್ಪುಗಟ್ಟಲಿ ಅಂತ ಕಾಯುತ್ತ ಕೂತಿರುತ್ತಿದ್ದ. ಇಬ್ಬರಿಗೂ ಚಳಿಗಾಲದ ಮಧ್ಯಾಹ್ನಗಳು ಖಾಲಿ. ಅಂಗಳದ ಹಿಂದಿನ ಕೋಣೆ, ಒದ್ದೆ ಉಣ್ಣೆಯ ಕೈಗವಸುಗಳ ವಾಸನೆ, ಮೂಲೆಯಲ್ಲಿ ಪೊರಕೆಗಳ ಕಟ್ಟು, ಒಲೆಯ ಮೇಲೆ ಬೆಳಗಿನಿಂದ ಕುದ್ದೂ ಕುದ್ದೂ ಟಾರಿನ ಹಾಗಾದ ಕಾಫಿ. ಎಂಬತ್ತರ ದಶಕದ ಆ ಕೋಣೆಯಲ್ಲಿ ಇಬ್ಬರೂ ಸೇರಿ ಅಂಚೆಯಲ್ಲಿ ಬಿಡಿಭಾಗ ತರಿಸಿ ಒಂದು ಕಂಪ್ಯೂಟರು ಕಟ್ಟಿದರು. ಕಟ್ಟಿದ್ದು ಮಾವ. ಅದಕ್ಕೆ ಆಟ ಬರೆದದ್ದು ವಾಸಿಲ್. ಕರ್ಲಿಂಗ್ ಆಟವೇ. ಪರದೆಯ ಮೇಲೆ ಚುಕ್ಕಿಗಳ ಮೂರು ಸುತ್ತು, ಅದರ ಕಡೆಗೆ ತೆವಳುವ ಒಂದು ಸೊನ್ನೆ, ಆ ಸೊನ್ನೆಯೇ ಕಲ್ಲು. ಕಲ್ಲಿಗೆ ಕಲ್ಲು ಬಡಿದರೆ ಒಂದು ಸದ್ದು. ಆ ಸದ್ದು ಸರಿಯಾಗಿ ಬರಲಿ ಅಂತ ವಾಸಿಲ್ ಒಂದಿಡೀ ಚಳಿಗಾಲ ಕಳೆದನಂತೆ. ನಿಜವಾದ ಕಲ್ಲು ಜಾರಿಸಿ ಬಡಿಸುವುದು, ಓಡಿಬಂದು ಕೀ ಒತ್ತುವುದು, ತಲೆ ಕೊಡವುವುದು, ಮತ್ತೆ ಓಡುವುದು.

ಆಮೇಲೆ ಒಂದು ವರ್ಷ ಹಿಮದ ಭಾರಕ್ಕೆ ಅಂಗಳದ ಮಾಡು ಕುಸಿಯಿತು. ಕಂಪ್ಯೂಟರು ಅದರಡಿ ಹೋಯಿತು. ಉಳಿದದ್ದು ಆಟ ತುಂಬಿದ್ದ ಒಂದು ಕ್ಯಾಸೆಟ್ಟು. ಈಗಿನ ಪೆಟ್ಟಿಗೆಯನ್ನು ಮಾವ ಹಳೆಯದರ ಹಾಗೇ ಕಟ್ಟಿದ್ದು ಆ ಆಟ ಮತ್ತೆ ಓಡಲಿ ಅಂತ. ಈಗ ವಾಸಿಲ್‌ಗೆ ಕಣ್ಣು ಮುಕ್ಕಾಲು ಮಂದ. ಎರಡು ವರ್ಷದಿಂದ ಡಾಫಿನ್‌ನ ವೃದ್ಧಾಶ್ರಮದಲ್ಲಿದ್ದ. ಊರಿನಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ಅವನನ್ನು ನೋಡಲು ಹೋಗುತ್ತಿದ್ದದ್ದು ಮಾವ ಒಬ್ಬನೇ. ಉಳಿದವರಿಗೆಲ್ಲ ರಸ್ತೆ ಜಾರುತ್ತಿತ್ತು. ಬಿರುಬೇಸಿಗೆಯ ಜುಲೈ ತಿಂಗಳಲ್ಲೂ ಜಾರುತ್ತಿತ್ತು.

ಮಾರ್ಚಿನಲ್ಲಿ ವಾಸಿಲ್‌ನ ಮಗಳು ಮಾರ್ಲೀನ್ ಫೋನು ಮಾಡಿದಳು. ಅಪ್ಪನನ್ನು ತನ್ನೂರು ಕೆಲೋನಾಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಪರ್ವತಗಳಾಚೆ, ಶಾಶ್ವತಕ್ಕೆ. ಭಾನುವಾರ ಒಂದು ಗಂಟೆಗೆ ನಿಮ್ಮ ಮನೆ ಹತ್ತಿರ ಒಂದು ಗಳಿಗೆ ನಿಲ್ಲಿಸುತ್ತೇನೆ, ಯಾರಿಗೂ ಹೇಳಬೇಡಿ, ಅಪ್ಪನಿಗೆ ಗದ್ದಲ ಆಗಲ್ಲ ಅಂದಳು. ಫೋನಿಟ್ಟ ಮಾವ ಸೀದಾ ನೆಲಮಾಳಿಗೆಗೆ ಇಳಿದು ಬಂದು ನನ್ನ ಒಗೆಯುವ ಬಟ್ಟೆಯ ರಾಶಿಯಡಿಯಿಂದ ಪೆಟ್ಟಿಗೆ ಹೊರಗೆ ತೆಗೆದ.

ಇಲ್ಲಿ ಸ್ವಲ್ಪ ಯಂತ್ರಶಾಸ್ತ್ರ ಅನಿವಾರ್ಯ. ಗಾಬರಿ ಬೇಡ, ನನಗೇ ಅರ್ಥವಾಗಿದೆ ಅಂದಮೇಲೆ ಯಾರಿಗಾದರೂ ಆಗುತ್ತದೆ.

ಕ್ಯಾಸೆಟ್ಟಿನ ಆಟವನ್ನು ವಿನಿಪೆಗ್‌ನ ಒಬ್ಬ ಪುಣ್ಯಾತ್ಮ ಅಕ್ಷರ ಅಕ್ಷರವಾಗಿ ಬಿಡಿಸಿ ಫೈಲು ಮಾಡಿ ಕಳಿಸಿದ್ದ. ಫೈಲು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಮಾವನ ಪೆಟ್ಟಿಗೆಗೆ ಡಿಸ್ಕಿಲ್ಲ, ಪೆನ್‌ಡ್ರೈವಿನ ತೂತಿಲ್ಲ, ಇಂಟರ್ನೆಟ್ಟು ಮೊದಲೇ ಇಲ್ಲ. ಅದಕ್ಕಿರುವುದು ಒಂದೇ ಬಾಗಿಲು: ಮೂರು ಎಳೆಯ ಒಂದು ಕೇಬಲ್ಲು. ಹೇಳಲು ಒಂದೆಳೆ, ಕೇಳಲು ಒಂದೆಳೆ, ಅರ್ಥಿಂಗಿಗೊಂದು. ಲ್ಯಾಪ್‌ಟಾಪು ಒಂದೊಂದೇ ಅಕ್ಷರ ದಾಟಿಸಬೇಕು. ಒಂದಿಷ್ಟು ಅಕ್ಷರವಾದ ಮೇಲೆ ಪೆಟ್ಟಿಗೆ ಅದನ್ನೆಲ್ಲ ಕೂಡಿ ನೋಡಿ, ಲೆಕ್ಕ ಸರಿಯಿದೆ, ಮುಂದಿನದು ಬರಲಿ ಅನ್ನಬೇಕು. ಲಾರಿಯಿಂದ ಕಣಜದ ಗುಂಡಿಗೆ ಗೋಧಿ ಸುರಿದ ಹಾಗೆ. ಗುಂಡಿ ನುಂಗುವುದಕ್ಕಿಂತ ಜೋರಾಗಿ ಸುರಿದರೆ ಚೆಲ್ಲುತ್ತದೆ. ಆದ್ದರಿಂದ ಮಾವ ವೇಗ ಇಳಿಸಿ ಇಳಿಸಿ, ಕಡೆಗೆ ಇಡೀ ಆಟ ದಾಟಲು ಎರಡು ನಿಮಿಷದ ಮೇಲೆ ಇನ್ನೊಂಚೂರು ಹಿಡಿಯುವ ಹಾಗೆ ಮಾಡಿದ್ದ.

ಎರಡು ನಿಮಿಷ ಏನು ಮಹಾ ಅನ್ನಬಹುದು. ಊರೂಟದ ದಿನ ಸುಟ್ಟುಹೋದದ್ದು ಪೆಟ್ಟಿಗೆಗೆ ಕರೆಂಟು ಕೊಡುವ ಭಾಗ. ಹೊಸದು ತರಿಸಿದರೆ ಅಂಚೆಯಮ್ಮನಿಗೆ ಗೊತ್ತಾಗುತ್ತದೆ, ಅಂಚೆಯಮ್ಮನಿಗೆ ಗೊತ್ತಾದರೆ ಕಾಫಿ ಮೇಜಿಗೆ ಗೊತ್ತಾಗುತ್ತದೆ. ಅದಕ್ಕೆ ಮಾವ ಮುಂಬಾಗಿಲ ಕರೆಗಂಟೆಗೆ ಕರೆಂಟು ಕೊಡುವ ಪುಟ್ಟ ಡಬ್ಬಿಯಿಂದಲೇ ಎರಡು ತಂತಿ ಎಳೆದು ಪೆಟ್ಟಿಗೆಗೆ ಕಟ್ಟಿದ್ದ. ಪೆಟ್ಟಿಗೆ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಬಾಗಿಲಲ್ಲಿ ಯಾರಾದರೂ ಗಂಟೆ ಒತ್ತಿದರೆ ಡಬ್ಬಿಯ ಕರೆಂಟೆಲ್ಲ ಗಂಟೆಗೆ ಹೋಗಿ, ಪೆಟ್ಟಿಗೆಗೆ ಅರೆಕ್ಷಣ ಉಸಿರು ಕಟ್ಟಿ, ಅದುವರೆಗೆ ಕೇಳಿಸಿಕೊಂಡದ್ದನ್ನೆಲ್ಲ ಮರೆತುಬಿಡುತ್ತಿತ್ತು. ಮನೆ ಬೆಚ್ಚಗಿಡುವ ಫರ್ನೇಸು ಶುರುವಾದರೂ ಅಷ್ಟೆ, ಫ್ರಿಜ್ಜು ಗುರ್ರೆಂದರೂ ಅಷ್ಟೆ. ಮೇಲೆ ಯಾರಾದರೂ ನಡೆದರೆ ಕೇಬಲ್ಲು ಅಲುಗಾಡಿ, ದಾಟುತ್ತಿದ್ದ ಅಕ್ಷರಗಳ ಲೆಕ್ಕ ತಪ್ಪುತ್ತಿತ್ತು; ಒಮ್ಮೆ ಪೂರ್ತಿ ದಾಟಿದ ಮೇಲೆ ನಡಿಗೆಯ ಭಯವಿಲ್ಲ. ಸಾಲದ್ದಕ್ಕೆ ಹಲಗೆಯ ಮೇಲಿನ ಒಂದು ಚಿಪ್‌ಗೆ ನೆತ್ತಿಯ ಮೇಲೆ ಗಾಜಿನ ಕಿಂಡಿ. ಅದಕ್ಕೆ ಬಿಸಿಲು ಬಿದ್ದರೆ ನೆನಪು ಅಳಿಸಿಹೋಗುತ್ತದೆ ಅಂತ ಮಾವ ನೆಲಮಾಳಿಗೆಯ ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದ.

ಗಂಟೆಯ ತಂತಿ ಕತ್ತರಿಸಿಬಿಡು ಮಾವ ಅಂದೆ. ಯಾವುದು ಗಂಟೆಯದು, ಯಾವುದು ಪೆಟ್ಟಿಗೆಯದು ಅಂತ ಗೊತ್ತಾಗದ ಹಾಗೆ ಎಲ್ಲ ಸೇರಿಸಿ ತೊಲೆಯ ಹಿಂದೆ ಒಂದೇ ಟೇಪು ಸುತ್ತಿಬಿಟ್ಟಿದ್ದೀನಿ ಅಂದ. ಲ್ಯಾಪ್‌ಟಾಪಿನಲ್ಲೇ ತೋರಿಸಬಹುದಲ್ಲ ಅಂದೆ. ಮಾವ ನನ್ನನ್ನು ಟೈರಿಗೆ ಮೊಳೆ ಹೊಡೆದವನನ್ನು ನೋಡುವ ಹಾಗೆ ನೋಡಿದ.

“ಅವನಿಗೆ ಕಣ್ಣು ಕಾಣಲ್ಲ ಕಣೋ. ಕಿವಿ ಕೇಳ್ತದೆ. ನಿನ್ನ ಲ್ಯಾಪ್‌ಟಾಪಲ್ಲಿ ಆ ಕಲ್ಲಿನ ಸದ್ದು ಇದೆಯಾ?”

ಇರಲಿಲ್ಲ.

ಶನಿವಾರ ಬೆಳಿಗ್ಗೆ ಮಾವ ಫರ್ನೇಸು ಆರಿಸಿದ. ಫ್ರಿಜ್ಜಿನ ಪ್ಲಗ್ ಕಿತ್ತ. ನೆಟ್ಟಿ ಅತ್ತೆಗೆ ಕೋಟು, ಟೋಪಿ ಹಾಕಿಸಿ, ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ನಾನು ಹೇಳೋವರೆಗೂ ಅಲ್ಲಾಡಬೇಡ ಅಂದ. ಅತ್ತೆ, ಮದುವೆಯಾದಾಗಿನಿಂದ ಅಲ್ಲಾಡ್ತಾನೇ ಇದ್ದೀನಿ, ಒಂದಿನ ಕೂರೋಕೆ ನನಗೇನು ಕಷ್ಟ ಅಂತ ಕೂತಳು. ಮುಂಬಾಗಿಲಿಗೆ ಮಾವ ಒಂದು ಚೀಟಿ ಅಂಟಿಸಿದ: ದಯವಿಟ್ಟು ಗಂಟೆ ಒತ್ತಬೇಡಿ. ಈ ಹೊತ್ತಿನಲ್ಲಿ ನಮಗೆ ನಿಶ್ಶಬ್ದ ಬೇಕಾಗಿದೆ.

ಈಗ ಎದುರು ಮನೆಯ ವರ್ನಾಳ ಕಿಟಕಿಯಿಂದ ನೋಡೋಣ. ಒರೆಸ್ಟ್‌ನ ಮನೆಯ ಚಿಮಣಿಯಲ್ಲಿ ಹೊಗೆಯಿಲ್ಲ. ಕೆಳಗಿನ ಕಿಟಕಿಗಳಿಗೆ ಕಪ್ಪು ಬಟ್ಟೆ. ಮುಂದಿನ ಕೋಣೆಯಲ್ಲಿ ನೆಟ್ಟಿ ಕೋಟು ಹಾಕಿಕೊಂಡು, ಕೈ ಮಡಿಚಿ, ಗೋಡೆ ನೋಡುತ್ತ ಕೂತಿದ್ದಾಳೆ. ಬಾಗಿಲ ಮೇಲೆ ಚೀಟಿ. ಚೀಟಿಯಲ್ಲೇನಿದೆ ಅಂತ ದೂರದಿಂದ ಕಾಣುವುದಿಲ್ಲ. ವರ್ನಾ ರಸ್ತೆ ದಾಟಿ ಬಂದು ಓದಿದಳು. ಓದಿದ ಮೇಲೆ ಗಂಟೆ ಒತ್ತಿದಳು. ನಮ್ಮೂರಿನಲ್ಲಿ ಚೀಟಿ ಇರುವುದು ಬೇರೆಯವರಿಗೆ.

ಕೆಳಗೆ ಆಟ ಮುಕ್ಕಾಲು ದಾಟಿತ್ತು. ಪರದೆ ಒಮ್ಮೆ ನಡುಗಿ ಬೆಳ್ಳಗಾಯಿತು. ಮಾವ ಕೀಲಿಮಣೆಯ ಮೇಲೆ ತಲೆಯಿಟ್ಟುಬಿಟ್ಟ. ಆಮೇಲೆ ಎದ್ದು, ಕಣ್ಣು ಒರೆಸಿಕೊಂಡು, ಹೋಗಿ ಬಾಗಿಲು ತೆಗೆದ. ಏನಾಯಿತು ಒರೆಸ್ಟ್ ಅಂತ ವರ್ನಾ ಕೇಳಿದಳು. ಪೆಟ್ಟಿಗೆಯ ಸುದ್ದಿ ಎತ್ತುವ ಹಾಗಿಲ್ಲ, ಕಸದ ಗುಂಡಿಯ ಪ್ರಮಾಣವಿದೆ. ಮಾವ ಪಾಪ ಬಾಯಿಗೆ ಬಂದದ್ದನ್ನು ಹೇಳಿದ.

“ವಾಸಿಲ್...” ಅಂದ. ಮೂಗು ಒರೆಸಿಕೊಂಡ. “ನಾಳೆ ಒಂದು ಗಂಟೆಗೆ ಕರ್ಕೊಂಡು ಬರ್ತಾರೆ. ಯಾವ ಮುಖ ಇಟ್ಕೊಂಡು ಅವನ ಮುಂದೆ ನಿಲ್ಲಲಿ ಹೇಳು.”

ವರ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಮಾವನ ತೋಳು ಸವರಿದಳು. ಇಳಿದು ಹೋದಳು. ಬಾಗಿಲು ಹಾಕಿ ಬಂದ ಮಾವ, ವರ್ನಾ ಎಷ್ಟು ಮೃದು ಮನಸ್ಸಿನವಳು ಅಂತ ಇವತ್ತೇ ಗೊತ್ತಾಯಿತು ಅಂದ.

ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಬಂದಳು. ಈ ಸಲ ಕೈಯಲ್ಲಿ ಗಾಜಿನ ಅಗಲ ಪಾತ್ರೆ, ಅದರಲ್ಲಿ ಟ್ಯೂನಾ ಮೀನು, ನೂಡಲ್ಸು, ಮೇಲೆ ಪುಡಿ ಮಾಡಿದ ಚಿಪ್ಸಿನ ಹೊದಿಕೆ. ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ತನ್ನ ಹೆಸರು ಬರೆದಿದ್ದಳು. ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು. ಪಾತ್ರೆಗೆ ಹೆಸರು ಅಂಟಿದೆ ಅಂದರೆ ಮನೆಯಲ್ಲಿ ಸಾವಾಗಿದೆ, ಬೇರೆ ಬೇರೆ ಮನೆಯ ಪಾತ್ರೆಗಳು ಬರಲಿವೆ, ಕಲೆಸಿಹೋಗಬಾರದು ಅಂತ. ಆದರೆ ತಳ ನೋಡಲು ತುಂಬಿದ ಪಾತ್ರೆಯನ್ನು ತಲೆಕೆಳಗು ಮಾಡುವವರು ಯಾರು? ನಾವು ನೋಡಲಿಲ್ಲ. ಎರಡನೇ ಸಲವೂ ಗಂಟೆ ಒತ್ತಿಯೇ ಕೊಟ್ಟಳು ಅನ್ನೋದು ಮಾತ್ರ ನೋಡಿದೆವು, ಯಾಕೆಂದರೆ ಕೆಳಗೆ ಪರದೆ ಮತ್ತೆ ಬೆಳ್ಳಗಾಗಿತ್ತು.

ಆಮೇಲೆ ಶುರುವಾಯಿತು. ಎಲೆಕೋಸಿನ ಸುರುಳಿ, ಬೀಟ್‌ರೂಟ್ ಸಾರು, ಆಲೂಗೆಡ್ಡೆ ತುಂಬಿದ ಪಿರೋಹಿ ಕಡುಬು, ಬಣ್ಣಬಣ್ಣದ ಜೆಲ್ಲಿಯಲ್ಲಿ ಸಿಕ್ಕಿಕೊಂಡ ಕ್ಯಾರೆಟ್ಟು. ಒಂದೊಂದು ಪಾತ್ರೆಗೂ ಒಂದು ಕರೆಗಂಟೆ. ಒಂದೊಂದು ಗಂಟೆಗೂ ಆಟ ಮೊದಲಿಂದ. ಪ್ರತಿ ಸಲ ಮಾವ ಇನ್ನಷ್ಟು ಜೋಲುಮುಖ ಹಾಕಿಕೊಂಡು ಬಾಗಿಲು ತೆಗೆಯುವುದು, ಆ ಮುಖ ನೋಡಿ ಬಂದವರು ಇನ್ನಷ್ಟು ಕರಗುವುದು, ಮನೆಗೆ ಹೋಗಿ ಪಕ್ಕದವರಿಗೆ ಹೇಳುವುದು, ಪಕ್ಕದವರು ಒಲೆ ಹಚ್ಚುವುದು. ಜನರ ಮರುಕ ಹೆಚ್ಚಿದಷ್ಟೂ ಫೈಲು ದಾಟುವುದು ದೂರವಾಗುತ್ತ ಹೋಯಿತು.

ಇದೆಲ್ಲ ಯಾಕೆ ಅಂತ ನಮಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಬಂದವರೆಲ್ಲ, ವಾಸಿಲ್‌ಗೆ ನಾವೇನೂ ಮಾಡೋಕಾಗಲಿಲ್ಲ, ಇದಾದರೂ ಇರಲಿ ಅನ್ನುತ್ತಿದ್ದರು. ನಾಳೆ ಒಂದಕ್ಕೆ ತಾನೇ ಅಂತ ಕೇಳುತ್ತಿದ್ದರು. ಮಾವನಿಗೆ ವಿಷಯ ಸ್ಪಷ್ಟವಾಗಿತ್ತು: ವಾಸಿಲ್ ಬರುವ ಸುದ್ದಿ ಹೇಗೋ ಹಬ್ಬಿದೆ, ಊರಿಗೆ ಬುದ್ಧಿ ಬಂದಿದೆ, ಅವನಿಗೆ ಊಟ ತರುತ್ತಿದ್ದಾರೆ. ಸಂಜೆ ಹೊತ್ತಿಗೆ ಆತ ಫೈಲಿನ ಸೋಲನ್ನೂ ಮರೆತು, ಜನ ಕೆಟ್ಟವರಲ್ಲ ಕಣೋ ರೋಮನ್, ನಿನಗೆ ಸುಮ್ಮನೆ ಎಲ್ಲರ ಮೇಲೂ ಸಿಟ್ಟು ಅಂತ ನನಗೇ ಬುದ್ಧಿ ಹೇಳಿದ. ನಾನು ಪಾತ್ರೆಗಳನ್ನು ಹಿಂದಿನ ಕಟ್ಟೆಯ ಹಿಮದಲ್ಲಿ ಹೂಳುತ್ತಿದ್ದೆ. ಫ್ರಿಜ್ಜು ಸತ್ತಿತ್ತಲ್ಲ.

ಊರಿನವರೂ ವಿಚಾರಿಸದೆ ನಂಬಿದವರಲ್ಲ. ಎಲ್ಮರ್ ಅಂತ ಒಬ್ಬ ಹಿರಿಯ, ಮಾಜಿ ಸೈನಿಕರ ಸಂಘದ ಧ್ವಜ ಹಿಡಿಯುವವನು, ಜವಾಬ್ದಾರಿ ತೆಗೆದುಕೊಂಡು ವೃದ್ಧಾಶ್ರಮಕ್ಕೆ ಫೋನು ಮಾಡಿದ. ಅಲ್ಲಿದ್ದಾಕೆ, ರಕ್ತಸಂಬಂಧಿಗಳಿಗೆ ಬಿಟ್ಟು ಬೇರೆಯವರಿಗೆ ಯಾರ ಸ್ಥಿತಿಯನ್ನೂ ತಿಳಿಸುವುದು ನಿಯಮಕ್ಕೆ ವಿರುದ್ಧ ಅಂದಳು. ಬದುಕಿದ್ದರೆ ಬದುಕಿದ್ದಾನೆ ಅನ್ನೋಕೆ ಯಾವ ನಿಯಮ ಅಡ್ಡ ಬರುತ್ತದೆ ಅಂತ ಎಲ್ಮರ್ ಕಾಫಿ ಮೇಜಿನಲ್ಲಿ ಕೇಳಿದ. ಭಾನುವಾರ ಬೆಳಿಗ್ಗೆ ಕರ್ಲಿಂಗ್ ಅಂಗಳದ ಬಾವುಟ ಅರ್ಧಕ್ಕೆ ಇಳಿಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಜನ ಮನೆಯೊಳಗೇ ಬರತೊಡಗಿದರು. ಚರ್ಚಿನ ಬಟ್ಟೆಯಲ್ಲೇ. ಹೆಂಗಸರು ಅಡುಗೆಮನೆ ಹಿಡಿದರು. ಗಂಡಸರು ಬೂಟು ಬಿಚ್ಚಿ, ಕಾಲುಚೀಲದಲ್ಲಿ ಮುಂದಿನ ಕೋಣೆಯ ಗೋಡೆಗೆ ಒರಗಿ ಸಾಲಾಗಿ ನಿಂತು, ಒಬ್ಬರ ಕಾಲುಚೀಲದ ತೂತನ್ನು ಒಬ್ಬರು ನೋಡುತ್ತಿದ್ದರು. ಅತ್ತೆ, ಇಷ್ಟು ಜನ ಯಾಕೆ ಪಿಸುಗುಡುತ್ತಿದ್ದಾರೆ ಅಂತ ನನ್ನನ್ನು ಪಿಸುಗುಟ್ಟಿಯೇ ಕೇಳಿದಳು. ಅಷ್ಟರಲ್ಲಿ ಎಲ್ಮರ್ ಬಂದ. ಪದಕಗಳನ್ನೆಲ್ಲ ಚುಚ್ಚಿಕೊಂಡಿದ್ದ. ಕೈಯಲ್ಲಿ ಅಂಗಳದ ಹಳೇ ಪೊರಕೆ, ಅದಕ್ಕೆ ಕಪ್ಪು ರಿಬ್ಬನ್ನು. ಅದನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಹಿಂದೆ ಸರಿದು, ಸೆಲ್ಯೂಟ್ ಹೊಡೆದ.

ಆಗ ನನಗೆ ಹೊಳೆಯಿತು. ನಗು ಬಂತೋ ಸಿಟ್ಟು ಬಂತೋ ಈಗ ಹೇಳಲಾರೆ. ಮೆಟ್ಟಿಲು ಹಾರಿ ನೆಲಮಾಳಿಗೆಗೆ ಇಳಿದೆ.

ಮಾವ ಪೆಟ್ಟಿಗೆಯ ಮುಂದೆ ಕೂತಿದ್ದ. ಬೆಳಗಿನಿಂದ ಒಂದು ಸಲವೂ ದಾಟಿರಲಿಲ್ಲ. ಮೇಲೆ ಇಷ್ಟು ಜನ ಓಡಾಡಿದರೆ ದಾಟುವುದಾದರೂ ಹೇಗೆ, ಬೇಡ ಬಿಡು, ಅವನಿಗೆ ಬಾಯಲ್ಲೇ ಹೇಳ್ತೀನಿ, ಹಿಂಗೊಂದು ಆಟ ಇತ್ತು ನೆನಪಿದೆಯಾ ಅಂತ ಕೇಳ್ತೀನಿ ಅಂದ. ಅಷ್ಟು ಹೇಳುವುದರೊಳಗೆ ಮಾವ ಮುದುಕನಾಗಿಬಿಟ್ಟಿದ್ದ.

ನಾನು ವಿಷಯ ಹೇಳಿದೆ. ಮೇಲಿರುವವರೆಲ್ಲ ವಾಸಿಲ್ ಸತ್ತಿದ್ದಾನೆ ಅಂತ ಬಂದವರು. ಒಂದು ಗಂಟೆಗೆ ಹೆಣ ಬರುತ್ತದೆ ಅಂದುಕೊಂಡಿದ್ದಾರೆ. ಮಾವನ ಬಣ್ಣವೇ ಇಳಿಯಿತು. ಹೋಗು, ಈಗಲೇ ಹೋಗಿ ಹೇಳು, ದೇವರೇ, ಅವನು ಬರೋ ಹೊತ್ತಾಯ್ತು ಅಂತ ನನ್ನನ್ನು ತಳ್ಳಿದ. ಮೇಲಿನಿಂದ ಎಲ್ಮರ್‌ನ ದನಿ ಕೇಳಿಸಿತು. ಎಲ್ಲರೂ ಎದ್ದು ನಿಲ್ಲಿ, ಅಗಲಿದ ಗೆಳೆಯನಿಗೆ ಎರಡು ನಿಮಿಷದ ಮೌನ ಅನ್ನುತ್ತಿದ್ದ. ಎಲ್ಮರ್‌ಗೆ ಬರುವುದು ಅದೊಂದೇ. ಪ್ರತಿ ನವೆಂಬರಿನಲ್ಲಿ ಮಡಿದ ಯೋಧರ ಕಂಬದ ಮುಂದೆ ಮಾಡಿಸುತ್ತಾನೆ, ಒಮ್ಮೆ ಅಂಚೆಯಮ್ಮನ ಬೆಕ್ಕಿಗೂ ಮಾಡಿಸಿದ್ದ. ಅವನು ಮಾಡಿಸಿದರೆ ನಮ್ಮೂರಿನಲ್ಲಿ ಉಸಿರು ಸಹ ಮೆಲ್ಲಗೆ ಆಡುತ್ತದೆ.

ಮಾವ ನನ್ನ ತೋಳು ಹಿಡಿದ.

“ಎಷ್ಟು ನಿಮಿಷ ಅಂದ?”

“ಎರಡು.”

ಮಾವ ಮೇಲಿನ ಹಲಗೆಗಳನ್ನು ನೋಡಿದ. ಊರಿಗೆ ಊರೇ ಮನೆಯೊಳಗಿದೆ. ಗಂಟೆ ಒತ್ತಲು ಹೊರಗೆ ಒಂದು ನರಪಿಳ್ಳೆ ಉಳಿದಿಲ್ಲ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ.

“ಹೇಳ್ಬೇಡ,” ಅಂದ. “ಎರಡು ನಿಮಿಷ ಸತ್ತಿರ್ಲಿ. ಆಮೇಲೆ ಬದುಕಿಸೋಣ.”

ಮೇಲೆ ಮೌನ ಇಳಿಯಿತು. ಮಾವ ಕೀ ಒತ್ತಿದ. ನಾನು ಕಾಲ್ಬೆರಳ ಮೇಲೆ ಮೆಟ್ಟಿಲು ಹತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಲ್ಲಿಂದ ಒಂದು ಕಣ್ಣಿಗೆ ಜನ ಕಾಣುತ್ತಿದ್ದರು, ಇನ್ನೊಂದಕ್ಕೆ ಕೆಳಗೆ ಮಾವ. ಗಡಿಯಾರ ಬಿಟ್ಟರೆ ಏನೂ ಅಲ್ಲಾಡುತ್ತಿರಲಿಲ್ಲ. ವರ್ನಾ ಕಣ್ಣು ಮುಚ್ಚಿ ನಿಂತಿದ್ದಳು. ಕಾಫಿ ಮೇಜಿನ ಗಂಡಸರೆಲ್ಲ, ಮೀನು ಹೊಗೆ ಹಾಕಿಸಲು ಹೊರಟಿದ್ದವನೂ ಸೇರಿ, ತಲೆ ತಗ್ಗಿಸಿದ್ದರು. ಕೆಳಗೆ ಪರದೆಯಲ್ಲಿ ಒಂದೊಂದು ತುಂಡಿಗೂ ಒಂದೊಂದು ಚುಕ್ಕಿ ಮೂಡುತ್ತಿತ್ತು. ಸಾಲು ತುಂಬುತ್ತಿತ್ತು. ಅರ್ಧ. ಮುಕ್ಕಾಲು.

ಎಲ್ಮರ್ ಕೈಗಡಿಯಾರ ನೋಡಿಕೊಂಡು ಗಂಟಲು ಸರಿಮಾಡಿಕೊಂಡ. ಎರಡು ನಿಮಿಷ ಮುಗಿದಿತ್ತು. ಕೆಳಗೆ ಮುಗಿದಿರಲಿಲ್ಲ. ಮಾವ ಮೆಟ್ಟಿಲ ಬುಡದಿಂದ ನನ್ನ ಕಡೆ ಒಂದು ಬೆರಳೆತ್ತಿ ತೋರಿಸಿದ. ಇನ್ನೊಂದೇ ಒಂದು. ಮೇಲೆ ಒಬ್ಬಳು ಆಗಲೇ ಪಾತ್ರೆಯ ಕಡೆ ಕೈ ಚಾಚಿದ್ದಳು. ಯಾರದೋ ಕಾಲಡಿ ಹಲಗೆ ಕಿರ್ರೆನ್ನಲು ಬಾಯಿ ತೆರೆದಿತ್ತು.

ಆಮೇಲೆ ನನ್ನ ಬಾಯಿಂದ ಬಂದದ್ದನ್ನು ನಾನು ಯೋಚಿಸಿ ಆಡಿದ್ದಲ್ಲ.

“ಯಾರೂ ಅಲ್ಲಾಡ್ಬೇಡಿ. ಎರಡು ವರ್ಷ ಅಲ್ಲಿ ಕಿಟಕಿ ಹತ್ರ ಕೂತಿದ್ದ ಮನುಷ್ಯ. ನಿಮ್ಮಲ್ಲಿ ಯಾರು ಹೋಗಿದ್ರಿ? ಅವನಿಗೆ ಕೊಡೋಕೆ ಇನ್ನೊಂದು ನಿಮಿಷ ಇಲ್ವಾ ನಿಮ್ಮತ್ರ?”

ಚಾಚಿದ್ದ ಕೈ ಗಾಳಿಯಲ್ಲೇ ನಿಂತಿತು. ಎಲ್ಮರ್ ಬಾಯಿ ಮುಚ್ಚಿದ, ನೆಟ್ಟಗಾದ. ಈ ಸಲದ ಮೌನ ಬೇರೆ ಥರ ಇತ್ತು. ಮೊದಲಿನದು ಕಲಿತದ್ದು, ಇದು ಚುಚ್ಚಿದ್ದು.

ನಮ್ಮ ಕಡೆಯ ಮನೆಗಳಿಗೆ ಪಕ್ಕದಲ್ಲೊಂದು ಬಾಗಿಲಿರುತ್ತದೆ. ತೆಗೆದರೆ ಸಣ್ಣದೊಂದು ಜಾಗ, ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಅಡುಗೆಮನೆ, ಇಳಿದರೆ ನೆಲಮಾಳಿಗೆ. ಬೇಕಾದವರೆಲ್ಲ ಅಲ್ಲಿಂದಲೇ ಬರುತ್ತಾರೆ, ಮುಂಬಾಗಿಲು ಪಾದ್ರಿಗೆ ಮತ್ತು ಸಾವಿಗೆ. ಆ ಪಕ್ಕದ ಬಾಗಿಲು ಸದ್ದಿಲ್ಲದೆ ತೆರೆಯಿತು. ಮಾರ್ಲೀನ್‌ಳ ತೋಳು ಹಿಡಿದು ವಾಸಿಲ್ ಒಳಗೆ ಬಂದ. ನನ್ನಿಂದ ಮೂರು ಮೆಟ್ಟಿಲು ಕೆಳಗೆ ಸತ್ತ ಮನುಷ್ಯ ನಿಂತಿದ್ದ. ಉಣ್ಣೆಯ ಟೋಪಿ, ದಪ್ಪ ಕನ್ನಡಕ, ಬಿಳಿ ಕೋಲು. ನಾನು ತುಟಿಗೆ ಬೆರಳಿಟ್ಟೆ. ಅವನಿಗೆ ಕಾಣಲಿಲ್ಲ, ಮಗಳಿಗೆ ಕಂಡಿತು, ಅವಳು ಅವನ ಕಿವಿಯಲ್ಲಿ ಏನೋ ಅಂದಳು. ವಾಸಿಲ್ ಗಂಭೀರವಾಗಿ ತಲೆಯಾಡಿಸಿ, ಟೋಪಿ ತೆಗೆದು ಎದೆಗೆ ಹಿಡಿದು, ಎಲ್ಲರ ಜೊತೆ ಮೌನ ನಿಂತ.

ಆಮೇಲೆ ಗೊತ್ತಾಯಿತು. ಊರು ಹೊಕ್ಕುವಾಗ ಪೆಟ್ರೋಲು ಹಾಕಿಸಲು ನಿಲ್ಲಿಸಿದ್ದರಂತೆ. ಬಂಕಿನವನು, ಬೇಗ ಮಾಡಿ, ವಾಸಿಲ್ ಸ್ಟಾಡ್ನಿಕ್ ತೀರಿಕೊಂಡಿದ್ದಾನೆ, ಅಲ್ಲಿಗೆ ಹೋಗಬೇಕು, ಮುಚ್ಚುತ್ತಿದ್ದೇನೆ ಅಂದನಂತೆ. ಮಾರ್ಲೀನ್ ಜಗಳಕ್ಕೆ ಇಳಿದಳಂತೆ. ಕಾರಿನೊಳಗಿಂದ ವಾಸಿಲ್, ಬಿಡಮ್ಮ, ಹೋಗೋಣ, ಊಟ ಚೆನ್ನಾಗಿರ್ತದೆ ಅಂದನಂತೆ.

ಕೆಳಗೆ ಕೊನೆಯ ಚುಕ್ಕಿ ಮೂಡಿತು. ಮಾವ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡ. ಆಮೇಲೆ ಒಂದು ಬೆರಳು ಚಾಚಿ ಆಟ ಶುರು ಮಾಡುವ ಕೀ ಒತ್ತಿದ. ಆ ನಿಶ್ಶಬ್ದದಲ್ಲಿ, ಮನೆ ತುಂಬ ಕೇಳುವ ಹಾಗೆ, ಕಲ್ಲಿಗೆ ಕಲ್ಲು ಬಡಿದ ಸದ್ದು. ಟಣ್ ಅಲ್ಲ, ಟಕ್ ಅಲ್ಲ, ನಡುವಿನದು, ತುದಿಯಲ್ಲಿ ಒಂಚೂರು ಗುಂಯ್ ಅನ್ನುವಂಥದ್ದು.

ವಾಸಿಲ್ ಕತ್ತು ಓರೆ ಮಾಡಿದ.

“ಒರೆಸ್ಟ್,” ಅಂದ, ಗಟ್ಟಿಯಾಗಿಯೇ. “ಆ ಗುಂಯ್ ಸ್ವಲ್ಪ ಜಾಸ್ತಿ ಆಯ್ತು. ನಾನು ಅಷ್ಟು ಇಟ್ಟಿರ್ಲಿಲ್ಲ.”

ಮೇಲೆ ಏನಾಯಿತು ಅನ್ನೋದನ್ನು ಕ್ರಮವಾಗಿ ಹೇಳುವುದು ಕಷ್ಟ. ಒಂದು ಗಾಜಿನ ಪಾತ್ರೆ ಬಿತ್ತು. ವರ್ನಾ ಬೀಳಲಿಲ್ಲ, ಎಲ್ಮರ್‌ನ ಮೇಲೆ ಒರಗಿದಳು, ಅವನ ಪದಕ ಅವಳ ಸ್ವೆಟರಿಗೆ ಸಿಕ್ಕಿಕೊಂಡು ಇಬ್ಬರೂ ಬಹಳ ಹೊತ್ತು ಹಾಗೇ ಇರಬೇಕಾಯಿತು. ವಾಸಿಲ್‌ನನ್ನು ಮೂರು ಮೆಟ್ಟಿಲು ಹತ್ತಿಸಿದಾಗ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಆಮೇಲೆ ಎಲ್ಲರಿಗೂ ಒಟ್ಟಿಗೆ ಮಾತು ಬಂತು. ತಪ್ಪು ನಿನ್ನದು, ನಿನ್ನದು ಅಂತ ವಾದ ಶುರುವಾಗಿ, ಕಡೆಗೆ ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಹೇಳಲೇಬೇಕಾಯಿತು. ಕಸದ ಗುಂಡಿಗೆ ಎಸೆದಿಲ್ಲ ಅಂದ.

ವಾಸಿಲ್ ಅಷ್ಟರಲ್ಲಿ ಕುರ್ಚಿ ಹಿಡಿದು, ಎಲೆಕೋಸಿನ ಸುರುಳಿಯ ತಟ್ಟೆ ಮಡಿಲಲ್ಲಿಟ್ಟುಕೊಂಡಿದ್ದ. ವರ್ನಾ ಅವನ ಮುಂದೆ ಬಂದು ನಿಂತಳು. ನಮ್ಮನ್ನ ಕ್ಷಮಿಸ್ಬೇಕು ವಾಸಿಲ್ ಅಂದಳು. ಅವನು ಬಾಯಲ್ಲಿದ್ದದ್ದನ್ನು ನುಂಗಿ ಕೇಳಿದ.

“ಸತ್ತೆ ಅಂದಿದ್ದಕ್ಕೆ ಇಷ್ಟು ಜನ ಬಂದ್ರಿ. ಊರು ಬಿಟ್ಟು ಹೋಗ್ತಿದ್ದೀನಿ ಅಂದಿದ್ರೆ ಎಷ್ಟು ಜನ ಬರ್ತಿದ್ರಿ?”

ವರ್ನಾ ಸುಳ್ಳು ಹೇಳಲಿಲ್ಲ. ಅವಳ ಮೇಲಿನ ನನ್ನ ಸಿಟ್ಟು ಅರ್ಧ ಇಳಿದದ್ದು ಅದಕ್ಕೇ.

“ಕಾಫಿಗೆ ಅಂತ ಕರೆದಿದ್ರೆ ಇಬ್ರು,” ಅಂದಳು.

“ಹಂಗಾದ್ರೆ ಸತ್ತಿದ್ದೇ ಲಾಭ,” ಅಂತ ವಾಸಿಲ್ ಇನ್ನೊಂದು ಸುರುಳಿ ಹಾಕಿಸಿಕೊಂಡ.

ಆಮೇಲೆ ಮಾವ, ವಾಸಿಲ್ ಇಬ್ಬರೂ ಕೆಳಗೆ ಹೋದರು. ಆ ನೆಲಮಾಳಿಗೆಯಲ್ಲಿ ನಾಲ್ವರ ಮೇಲೆ ಹಿಡಿಸುವುದಿಲ್ಲ. ಊರಿನವರು ಸರದಿಯ ಮೇಲೆ ಇಬ್ಬಿಬ್ಬರಾಗಿ ಮೆಟ್ಟಿಲು ಇಳಿದು, ತುದಿಗಾಲಲ್ಲಿ ನಿಂತು ನೋಡಿ, ಹತ್ತಿ ಬಂದರು. ಯಾರೂ ಹೊಗೆಯ ಮಾತೆತ್ತಲಿಲ್ಲ. ಮಾವ ಪರದೆ ನೋಡಿ, ಕಲ್ಲು ಎಲ್ಲಿದೆ, ಸುತ್ತಿನಿಂದ ಎಷ್ಟು ದೂರ ಅಂತ ಹೇಳುವುದು. ವಾಸಿಲ್ ಕಣ್ಣು ಮುಚ್ಚಿಕೊಂಡು, ಎಷ್ಟು ಜೋರು, ಎಷ್ಟು ಓರೆ ಅಂತ ಹೇಳುವುದು. ಮಾವ ಒತ್ತುವುದು. ಸದ್ದು ಬಂದರೆ ಇಬ್ಬರೂ ಸುಮ್ಮನೆ ಕೇಳುವುದು. ನಡುನಡುವೆ ಅಂಗಳದ ಹಿಂದಿನ ಕೋಣೆಯ ಮಾತು. ಆ ಒಲೆ ಏನಾಯ್ತೋ. ಆ ಕಾಫಿ ಕುಡಿದೂ ನಾವು ಬದುಕಿದೀವಲ್ಲೋ. ಮಾವ ಒಂದು ಕಲ್ಲು ಸುತ್ತಿನ ನಡುವಿಗೆ ಎರಡೇ ಅಂಗುಲ ದೂರದಲ್ಲಿದೆ ಅಂತ ಸುಳ್ಳು ಹೇಳಿದ. ವಾಸಿಲ್, ಸದ್ದು ಕೇಳಿದೆ ಕಣೋ, ಒಂದಡಿ ದೂರ ಇದೆ, ಕಣ್ಣಿದ್ದಾಗಲೂ ಹಿಂಗೇ ಮೋಸ ಮಾಡ್ತಿದ್ದೆ ಅಂದ.

ಒಂದು ಗಳಿಗೆ ಅಂದವರು ಎಷ್ಟು ಹೊತ್ತು ಕೂತರೋ. ಮಾರ್ಲೀನ್ ಕಡೆಗೆ ಕೋಟು ಹಾಕಿಕೊಂಡು ಬಂದು ನಿಂತಳು. ಬೆಟ್ಟದ ದಾರಿಯಲ್ಲಿ ಹಿಮ ಬೀಳುತ್ತಂತೆ, ಹೊರಡಬೇಕು ಅಪ್ಪ ಅಂದಳು. ಆಟ ಸರಿಸಮ ನಿಂತಿತ್ತು. ಉಳಿದದ್ದು ಒಂದೇ ಕಲ್ಲು, ಕಡೆಯದು. ಅದು ವಾಸಿಲ್‌ನದು. ಕಡೆಯ ಕಲ್ಲು ಕೈಯಲ್ಲಿರುವವನೇ ಆಟದ ಯಜಮಾನ ಅನ್ನೋದು ನಮ್ಮೂರ ಮಕ್ಕಳಿಗೂ ಗೊತ್ತು. ಹೇಳು, ಎಷ್ಟು ಜೋರು, ಎಷ್ಟು ಓರೆ ಅಂತ ಮಾವ ಕೇಳಿದ. ವಾಸಿಲ್ ಬಹಳ ಹೊತ್ತು ಯೋಚಿಸಿದ. ಟೋಪಿ ಹಾಕಿಕೊಂಡ.

“ಅವಸರದಲ್ಲಿ ಹಾಕೋ ಕಲ್ಲಲ್ಲ ಇದು. ಮನೆ ಮುಟ್ಟಿ ಫೋನಲ್ಲಿ ಹೇಳ್ತೀನಿ. ಪೆಟ್ಟಿಗೆ ಆರಿಸ್ಬೇಡ.”

ಆರಿಸಿದರೆ ಆಟ ಹೋದ ಹಾಗೆಯೇ. ಆ ಪೆಟ್ಟಿಗೆಗೆ ಕರೆಂಟಿರುವ ತನಕ ಮಾತ್ರ ನೆನಪು. ಊರೆಲ್ಲ ರಸ್ತೆಯಲ್ಲಿ ನಿಂತು ಕೈ ಬೀಸಿತು. ಮರುದಿನ ಕಾಫಿ ಮೇಜಿನ ಗಂಡಸರೇ ಬಂದು, ಮಾವನ ಮುಂಬಾಗಿಲ ಗಂಟೆಯ ಗುಂಡಿಯ ಮೇಲೆ ಒಂದು ಹಲಗೆ ಹೊಡೆದು ಹೋದರು.

ಈಗ ಮೇ ತಿಂಗಳು. ಭಾನುವಾರ ಮಧ್ಯಾಹ್ನ ವಾಸಿಲ್ ಫೋನು ಮಾಡುತ್ತಾನೆ. ಅಲ್ಲಿ ಹಣ್ಣಿನ ಮರಗಳು ಹೂ ಬಿಟ್ಟಿವೆ, ವಾಸನೆ ಬರುತ್ತದೆ ಅನ್ನುತ್ತಾನೆ. ಮಗಳ ಮನೆಯ ರೊಟ್ಟಿಗೆ ಉಪ್ಪಿಲ್ಲ ಅನ್ನುತ್ತಾನೆ. ಮಾವ ಹಿಮ ಕರಗಿದ್ದು, ಹೊಳೆ ಏರಿದ್ದು, ಕಾಫಿ ಮೇಜಿನ ಜಗಳ ಎಲ್ಲ ಹೇಳುತ್ತಾನೆ. ಒಬ್ಬೊಬ್ಬರಾಗಿ ಊರಿನವರು ಈಗ ಭಾನುವಾರ ನಮ್ಮ ಮನೆಗೆ ಬಂದು ಸರದಿಗೆ ನಿಲ್ಲುತ್ತಾರೆ, ಫೋನು ತೆಗೆದುಕೊಂಡು ಅವನನ್ನು ಮಾತಾಡಿಸುತ್ತಾರೆ. ಫರ್ನೇಸು, ಫ್ರಿಜ್ಜು ಅಂದಿನಿಂದ ಆರಿಯೇ ಇವೆ; ನನಗೆ ಬಟ್ಟೆ ಒಣಗಿಸುವ ಮೆಷಿನೂ ಮುಟ್ಟುವ ಹಾಗಿಲ್ಲ, ಒದ್ದೆ ಪ್ಯಾಂಟು ಹೊತ್ತುಕೊಂಡು ಊರ ಲಾಂಡ್ರಿಗೆ ಅಲೆಯುತ್ತೇನೆ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ. ಮಾವ, ಆ ಕಲ್ಲು ಯಾವಾಗ ಹಾಕ್ತಾನಂತೆ ಅಂತ ಅವನನ್ನ ಒಂದು ಮಾತು ಕೇಳು.

ಮಾವ ಪರದೆಯ ಮೇಲಿನ ಧೂಳು ತೋಳಿನಿಂದ ಒರೆಸುತ್ತಿದ್ದ. ಎಷ್ಟು ಜೋರು ಅಂತ ಕೇಳುವ ಸಾಲಿನ ತುದಿಯಲ್ಲಿ ಚೌಕದ ಗುರುತು ಹೊತ್ತಿ ಆರುತ್ತಿತ್ತು.

“ಸುಮ್ನಿರೋ,” ಅಂದ. “ಯೋಚಿಸ್ತಿದ್ದಾನೆ.”